ಕೆಂಪು ಚೀಟಿ ಮತ್ತು ಪಂಚಮಿ ಉಂಡಿ

ಪಂಚಮಿ ಬಂತೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳ ಕಾಲು ಗಂಡನ ಮನೆಯಲ್ಲಿ ನಿಲ್ಲುವುದಿಲ್ಲ. ಅಣ್ಣನೋ ತಮ್ಮನೋ ಕರೆಯಲು ಬಂದೇ ಬರುತ್ತಾನೆಂದು ಬಾಗಿಲ ಕಡೆಗೇ ಕಣ್ಣು. ಈಗ ಕರೆಯಲು ಯಾರೂ ಬರುವುದಿಲ್ಲ ಬಿಡಿ, ಫೋನ್ ಬರುತ್ತದೆ. ಆದರೂ ತವರು ತವರೇ. ಹೋದ ವರ್ಷ ಪಂಚಮಿಗೆ ನಾನೂ ಚೀಲ ಕಟ್ಟಿಕೊಂಡು ಐಹೊಳೆಯ ಬಸ್ಸು ಹತ್ತಿದೆ.

ಪ್ರವಾಸಿಗಳಿಗೆ ಐಹೊಳೆ ಎಂದರೆ ಗುಡಿಗಳ ಊರು. ದುರ್ಗ ಗುಡಿ, ಲಾಡಖಾನ ಗುಡಿ, ರಾವಣಫಡಿ, ಗುಡ್ಡದ ಮೇಲಿನ ಮೇಗುತಿ ಎಂದು ಎಣಿಸುತ್ತ ಹೋದರೆ ನೂರಕ್ಕೂ ಮೀರುತ್ತವೆ. ನನಗೆ ಮಾತ್ರ ಐಹೊಳೆ ಎಂದರೆ ಅವ್ವನ ಅಡಿಗೆಮನೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು... ಡಬ್ಬಿ ಡಬ್ಬಿ ತುಂಬಿಸಿಟ್ಟಿದ್ದಳು. ಹಿತ್ತಿಲ ಬೇವಿನ ಮರಕ್ಕೆ ಜೋಕಾಲಿಯನ್ನೂ ಕಟ್ಟಿಸಿದ್ದಳು. ಓಣಿಯ ಹುಡುಗಿಯರೆಲ್ಲ ಜೀಕುತ್ತಿದ್ದರು. ಅಣ್ಣನ ಮಗಳು ಮಾತ್ರ ಕಾಣಿಸಲಿಲ್ಲ.

ಒಳಗೆ ಹೋಗಿ ನೋಡಿದರೆ ಮೂಲೆಯಲ್ಲಿ ಫೋನ್ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ!

"ಯಾಕವಾ, ಏನಾತು?" ಎಂದೆ ಗಾಬರಿಯಿಂದ.

"ಅತ್ತಿ, ಆಕೀ ತೋಳು ಹೋತು!"

ನನ್ನ ಎದೆ ಧಸಕ್ಕೆಂದಿತು. "ಯಾರ ತೋಳು? ಜೋಕಾಲಿಯಿಂದ ಬಿದ್ದರೇನು?"

"ಅಲ್ಲತ್ತಿ... ಜಾನ್-ದಿ ತೋಳು. ಇನ್ನ ಆಕಿ ಈಜಾಂಗಿಲ್ಲ."

ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಅದು ಕೊರಿಯಾ ದೇಶದ ಧಾರಾವಾಹಿ. ಹೆಸರು 'ಬಾಯ್ಸ್ ಓವರ್ ಫ್ಲವರ್ಸ್'. 2009ರ ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿನ ಕೆ.ಬಿ.ಎಸ್. ವಾಹಿನಿಯಲ್ಲಿ 25 ಕಂತುಗಳಾಗಿ ಬಂದದ್ದು. ಅಷ್ಟು ಹಳೆಯದನ್ನು ಈಗ ಮಲಪ್ರಭೆಯ ದಂಡೆಯಲ್ಲಿ ಕೂತು ನೋಡಿ ಅಳುತ್ತಾರೆಂದರೆ! ನಮ್ಮ ಕಾಲದಲ್ಲಿ ತ್ರಿವೇಣಿಯವರ ಕಾದಂಬರಿಯನ್ನು ಪಠ್ಯಪುಸ್ತಕದೊಳಗೆ ಮುಚ್ಚಿಟ್ಟುಕೊಂಡು ಅತ್ತವರಲ್ಲವೇ ನಾವು? ಬಯ್ಯುವ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತೆ. ಒಂದು ತಟ್ಟೆ ಉಂಡಿ ಹಿಡಿದುಕೊಂಡು ಅವ್ವನೂ ಬಂದಳು. ಮೂರು ತಲೆಮಾರು, ಒಂದು ಅಂಗೈಯಗಲದ ಪರದೆ!

ಕತೆ ಕೇಳಿ. ಷಿನ್‌ಹ್ವಾ ಎಂಬ ಭಾರೀ ಶ್ರೀಮಂತರ ವಿದ್ಯಾಸಂಸ್ಥೆ. ಅದರ ಒಡೆಯರ ಮಗ ಗೂ ಜುನ್-ಪ್ಯೊ. ಅವನೂ ಅವನ ಮೂವರು ಗೆಳೆಯರೂ ಅಲ್ಲಿ ಆಡಿದ್ದೇ ಆಟ. ಯಾರ ಮೇಲಾದರೂ ಇವರಿಗೆ ಸಿಟ್ಟು ಬಂದರೆ ಅವರ ಪೆಟ್ಟಿಗೆಯಲ್ಲಿ ಒಂದು ಕೆಂಪು ಚೀಟಿ ಬೀಳುತ್ತದೆ. ಬಿತ್ತೋ, ಇಡೀ ಶಾಲೆಯೇ ಅವರ ಮೇಲೆ ಬೀಳಬಹುದು. ಅಂಥ ಚೀಟಿ ಸಿಕ್ಕ ಹುಡುಗನೊಬ್ಬ ಮಾಳಿಗೆಯಿಂದ ಹಾರಿಕೊಳ್ಳಲು ಹೊರಟಾಗ, ಬಟ್ಟೆ ಒಗೆಯುವ ಅಂಗಡಿಯವರ ಮಗಳು ಗುಮ್ ಜಾನ್-ದಿ ಅವನನ್ನು ಉಳಿಸುತ್ತಾಳೆ. ಬಟ್ಟೆ ಮುಟ್ಟಿಸಲು ಬಂದವಳು ಅವಳು. ಸುದ್ದಿ ಊರೆಲ್ಲ ಆಗಿ, ಮಾನ ಉಳಿಸಿಕೊಳ್ಳಲು ಶಾಲೆಯವರು ಅವಳಿಗೇ ಈಜಿನ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಳ್ಳುತ್ತಾರೆ. ಗೆಳತಿಯ ಪರವಾಗಿ ಜುನ್-ಪ್ಯೊನ ಎದುರು ನಿಂತ ತಪ್ಪಿಗೆ ಅವಳಿಗೂ ಕೆಂಪು ಚೀಟಿ! ಹುಡುಗರು ಹುಡುಗಿಯರೆಲ್ಲ ಸೇರಿ ಅವಳ ಮೈಮೇಲೆ ಮೊಟ್ಟೆ, ಹಿಟ್ಟು ಸುರಿಯುತ್ತಾರೆ.

"ಅಯ್ಯ, ಎಷ್ಟ್ ಹಿಟ್ಟು ಹಾಳ ಮಾಡ್ಯಾವ ನೋಡು, ಮೂಳಗೋಳು!" ಎಂದಳು ಅವ್ವ.

ಆಮೇಲೆ ಜಾನ್-ದಿ ಸುಮ್ಮನಿರುವುದಿಲ್ಲ. ಹಾರಿ ಒದ್ದೇ ಬಿಡುತ್ತಾಳೆ, ಆ ಕೋಟ್ಯಧೀಶನ ಮಗನನ್ನು! ಅವ್ವ ಚಪ್ಪಾಳೆ ತಟ್ಟಿದಳು. ಜುನ್-ಪ್ಯೊನಿಗೆ ಅಂದಿನಿಂದ ಅವಳದೇ ಧ್ಯಾನ. ಜಗಳವಾಡುತ್ತ, ಬೈಯುತ್ತ, ಅಡ್ಡಗಟ್ಟುತ್ತ ಹಿಂದೆ ಬೀಳುತ್ತಾನೆ.

ಇನ್ನು ಸೊಸೆ ಅತ್ತದ್ದು ಎಲ್ಲಿ ಅಂತೀರಾ? ಅರ್ಧ ಕತೆ ದಾಟಿದ ಮೇಲೆ. ಹಿಂದೆ ಕೆಂಪು ಚೀಟಿಯಿಂದ ನೊಂದ ಹುಡುಗನೊಬ್ಬನ ಒಡಹುಟ್ಟಿದವನು ಸೇಡಿಗೆ ಬರುತ್ತಾನೆ. ಜಾನ್-ದಿಯನ್ನು ಹಿಡಿದು ಕಟ್ಟಿಹಾಕುತ್ತಾನೆ. ಅವಳನ್ನು ಹುಡುಕಿಕೊಂಡು ಬಂದ ಜುನ್-ಪ್ಯೊ, ಹತ್ತು ಜನರನ್ನು ಹೊಡೆದುರುಳಿಸುವ ಆ ಗಂಡು, ಕೈ ಎತ್ತುವುದಿಲ್ಲ. ಸುಮ್ಮನೆ ನಿಂತು ಏಟು ತಿನ್ನುತ್ತಾನೆ. ಕೊನೆಗೆ ಒಂದು ಕುರ್ಚಿ ಅವನ ಮೇಲೆ ಬೀಳುವಾಗ ಜಾನ್-ದಿ ಅಡ್ಡ ಬರುತ್ತಾಳೆ. ಏಟು ಅವಳ ಭುಜಕ್ಕೆ. ಸ್ಪರ್ಧೆಯ ಈಜು ಅಲ್ಲಿಗೆ ಮುಗಿಯಿತು.

"ಇಲ್ಲೇ ನೋಡತ್ತಿ, ವೈರ ಹೋಗಿ ಖರೇ ಪ್ರೀತಿ ಆಗೋದು" ಎಂದಳು ಸೊಸೆ ಕಣ್ಣೊರೆಸಿಕೊಳ್ಳುತ್ತ.

ಅವ್ವ ಉಂಡಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಹೊಡಸಿದಂವ ಹೊಡಸಿಕೊಂಡ, ಅದು ಖರೆ. ಆದ್ರ ತಂಗೀ, ತೋಳು ಯಾರದು ಹೋತು?"

ಸೊಸೆಯಿಂದ ಉತ್ತರ ಬರಲಿಲ್ಲ. ಅವಳ ಮುಖ ಬಾಡಿದ್ದು ಕಂಡು, ಇದು ಬರೀ ಕತೆಯ ಮಾತಲ್ಲ ಎಂದು ನನಗೆ ಅನುಮಾನ ಬಂತು.

ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿದಾಗ ಮೆಲ್ಲಗೆ ಬಾಯಿ ಬಿಟ್ಟಳು. ಅವಳು ಓದುವುದು ಬಿ.ಎಸ್‌ಸಿ. ಎರಡನೇ ವರ್ಷ, ಬೇರೆ ಊರಿನ ಒಂದು ಕಾಲೇಜಿನಲ್ಲಿ. ತರಗತಿಯಲ್ಲೊಬ್ಬ ಹುಡುಗ. ಮೊದಲು ಪ್ರಯೋಗಾಲಯದ ಪುಸ್ತಕ ಬಚ್ಚಿಟ್ಟ. ಆಮೇಲೆ ಸ್ಕೂಟಿಯ ಗಾಳಿ ಬಿಟ್ಟ. ಅವಳು ಎದ್ದು ಉತ್ತರ ಹೇಳಿದಾಗಲೆಲ್ಲ ಅಣಕಿಸಿ ಕೂಗುತ್ತಾನೆ, ಹಿಂದಿನ ಬೆಂಚು ನಗುತ್ತದೆ. ಈಚೆಗೆ ಹಾಸ್ಟೆಲ್ಲಿನ ದಾರಿಯಲ್ಲಿ ಹಿಂದೆ ಹಿಂದೆ ಬರುತ್ತಾನೆ. ಗೆಳತಿಯರು ಏನೆನ್ನುತ್ತಾರೆ ಗೊತ್ತೇ? "ಎಷ್ಟ್ ಲಕ್ಕಿ ಇದ್ದೀಯೇ! ಥೇಟ್ ಕೊರಿಯನ್ ಡ್ರಾಮಾ. ನಿನ್ನ ಮ್ಯಾಲೆ ಅವಂಗ ಮನಸ್ಸೈತಿ, ಅದಕ್ಕ ಕಾಡತಾನ."

"ನಿನಗೇನನ್ನಿಸತೈತಿ?" ಎಂದೆ.

ಬಹಳ ಹೊತ್ತು ಸುಮ್ಮನಿದ್ದು, "ಕ್ಲಾಸಿನ್ಯಾಗ ಉತ್ತರ ಹೇಳೋದು ಬಿಟ್ಟೇನತ್ತಿ" ಎಂದಳು.

ಸೋದರಿಯರೇ, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಜಾನ್-ದಿಯ ತೋಳು ಪರದೆಯ ಮೇಲೆ ಹೋಯಿತು. ನಮ್ಮ ಹುಡುಗಿಯದು ನಮ್ಮ ಕಣ್ಣೆದುರೇ ಹೋಗುತ್ತಿತ್ತಲ್ಲ!

ಇದನ್ನೆಲ್ಲ ಕೊರಿಯಾದವರೇ ಕಲಿಸಿದರು ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಸಿನಿಮಾಗಳನ್ನೇ ನೆನಪು ಮಾಡಿಕೊಳ್ಳಿ. 1976ರ 'ಬಹದ್ದೂರ್ ಗಂಡು', ರಾಜಕುಮಾರ್ ಮತ್ತು ಜಯಂತಿ. 1989ರ 'ನಂಜುಂಡಿ ಕಲ್ಯಾಣ', ರಾಘವೇಂದ್ರ ರಾಜಕುಮಾರ್ ಮತ್ತು ಮಾಲಾಶ್ರೀ. ಎರಡರಲ್ಲೂ ಜಗಳದಿಂದಲೇ ಶುರು, ಪ್ರೀತಿಯಲ್ಲಿ ಮುಕ್ತಾಯ. 'ನಂಜುಂಡಿ ಕಲ್ಯಾಣ'ಕ್ಕೆ ಪರ್ವತವಾಣಿಯವರ ನಾಟಕ ಮೂಲ, ಆ ನಾಟಕಕ್ಕೆ ಶೇಕ್ಸ್‌ಪಿಯರ್ ಮೂಲ. ಅಂದರೆ ಈ ಕತೆಗೆ ನಾಲ್ಕು ನೂರು ವರ್ಷ ದಾಟಿದೆ. ನಾನೂ ನಕ್ಕು ನಲಿದು ನೋಡಿದವಳೇ. ಆದರೆ ಒಂದು ಮಾತು ಗಮನಿಸಿದ್ದೀರಾ? ಅಲ್ಲೆಲ್ಲ ಸೊಕ್ಕು ಇರುವುದು ಹೆಣ್ಣಿಗೆ, ಮುರಿಯುವವನು ಗಂಡು. ಕೊರಿಯಾದ ಕತೆಯಲ್ಲಿ ಸೊಕ್ಕು ಗಂಡಿನದು, ಬಾಗಬೇಕಾದವನೂ ಗಂಡೇ. ನಮ್ಮ ಹುಡುಗಿಯರು ಅದಕ್ಕೆ ಮನಸೋತರೆ ಆಶ್ಚರ್ಯವೇನು?

ಈ ಕತೆಯ ಮೂಲ ಬರೆದವಳು ಹೆಣ್ಣೇ. ಯೋಕೊ ಕಾಮಿಯೊ ಎಂಬ ಜಪಾನೀ ಲೇಖಕಿ 1992ರಲ್ಲಿ ಇದನ್ನು ಚಿತ್ರಕತೆಯಾಗಿ ಶುರು ಮಾಡಿದರು. ಅದು ಬರುತ್ತಿದ್ದುದು 'ಮಾರ್ಗರೆಟ್' ಎಂಬ ಹುಡುಗಿಯರ ಪತ್ರಿಕೆಯಲ್ಲಿ. ನಮ್ಮದರ ಹಾಗೆಯೇ ಆಗ ಅದೂ ಪಾಕ್ಷಿಕ! 2001ರಲ್ಲಿ ತೈವಾನಿನವರು, 2005ರಲ್ಲಿ ಜಪಾನಿನವರು, 2009ರಲ್ಲಿ ಕೊರಿಯಾದವರು, 2018ರಲ್ಲಿ ಚೀನಾದವರು ಧಾರಾವಾಹಿ ಮಾಡಿದರು. ಜಪಾನೀ ಹೆಸರಿನ ಹಿಂದೆ ಒಂದು ಗಾದೆ ಇದೆ: ಹೂವಿಗಿಂತ ಉಂಡೆ ಮೇಲು. ಹೂ ನೋಡಲು ಹೊರಟವರಿಗೂ ಕಣ್ಣಿರುವುದು ಬುತ್ತಿಯ ಮೇಲೆ ಎಂಬ ತಮಾಷೆ. ಆ ಗಾದೆಯ 'ಉಂಡೆ'ಯನ್ನು ಲೇಖಕಿ 'ಹುಡುಗರು' ಎಂದು ತಿರುಗಿಸಿದರು. ಕೊರಿಯಾಕ್ಕೆ ಬರುವ ಹೊತ್ತಿಗೆ ಉಂಡೆ ಹೋಗಿ ಹುಡುಗರಷ್ಟೇ ಉಳಿದರು.

ಮರುದಿನ ಬೆಳಿಗ್ಗೆ ಸೊಸೆಯನ್ನು ಕರೆದುಕೊಂಡು ಹೊಳೆಯ ಕಡೆ ನಡೆದೆ. ನಮ್ಮೂರ ಹೆಸರಿನ ಕತೆ ನಿಮಗೂ ಗೊತ್ತಿರಬಹುದು. ಕ್ಷತ್ರಿಯರನ್ನು ಕೊಂದು ಬಂದ ಪರಶುರಾಮ ಇಲ್ಲಿ ಕೊಡಲಿ ತೊಳೆದನಂತೆ. ನೀರು ಕೆಂಪಾಯಿತಂತೆ. ಅದನ್ನು ಕಂಡ ಹೆಣ್ಣುಮಗಳು "ಅಯ್ಯೋ, ಹೊಳೆ!" ಎಂದು ಕೂಗಿದಳಂತೆ. ಶಾಸನಗಳಲ್ಲಿ ಇರುವ ಹೆಸರು ಅಯ್ಯಾವೊಳೆ, ದೇಶಾಂತರ ವ್ಯಾಪಾರ ಮಾಡಿದ ಅಯ್ಯಾವೊಳೆ ಐನೂರ್ವರ ಊರು ಇದು. ಅದು ಇತಿಹಾಸ. ಆದರೆ ಅಜ್ಜಿ ಹೇಳಿದ ಕತೆಯಲ್ಲೂ ಒಂದು ಸಾರ ಇದೆಯಲ್ಲ! ಕೊಡಲಿ ಹಿಡಿದವನು ಎಂಥ ಮಹಾಪುರುಷನೇ ಇರಲಿ, ನೀರು ಕೆಂಪಾದದ್ದನ್ನು ಕಂಡು ಬಾಯಿ ಬಿಟ್ಟು 'ಅಯ್ಯೋ' ಎಂದವಳು ಒಬ್ಬ ಹೆಣ್ಣು. ಅವಳೇನೂ "ಕೆಂಪು ಬಣ್ಣ ಚೆಂದ ಐತಿ" ಎನ್ನಲಿಲ್ಲ.

"ಹಂಗಾದ್ರ ಜಗಳ ಆಡಿದವರ ನಡುವೆ ಪ್ರೀತಿ ಆಗೂದೇ ಇಲ್ಲೇನತ್ತಿ?" ಎಂದಳು.

ಆಗುತ್ತದೆ. ಯಾಕಾಗುವುದಿಲ್ಲ? ನನ್ನದೇ ಹೇಳುತ್ತೇನೆ, ನಮ್ಮ ಮನೆಯವರು ಓದಿದರೆ ಓದಲಿ. ಕಾಲೇಜಿನಲ್ಲಿ ನಾವಿಬ್ಬರೂ ಚರ್ಚಾಸ್ಪರ್ಧೆಯ ಎದುರಾಳಿಗಳು. ಒಂದು ಸಲ ಅವರು ವೇದಿಕೆಯ ಮೇಲೆಯೇ ನನ್ನ ಹಳ್ಳಿ ಮಾತಿನ ಧಾಟಿಯನ್ನು ಅಣಕಿಸಿದರು. ಸಭೆ ಘೊಳ್ಳೆಂದು ನಕ್ಕಿತು. ನಾನು ಆ ವರ್ಷವೆಲ್ಲ ವೇದಿಕೆ ಹತ್ತಲಿಲ್ಲ. ಅವರ ಮುಖ ಕಂಡರೆ ಉರಿದು ಬೀಳುತ್ತಿದ್ದೆ. ಮರುವರ್ಷ ಅದೇ ವೇದಿಕೆ, ಅದೇ ಸಭೆ. ತಮ್ಮ ಸರದಿ ಬಂದಾಗ ಅವರು ವಿಷಯಕ್ಕೆ ಹೋಗುವ ಮೊದಲು, "ಹೋದ ವರ್ಷ ಇಲ್ಲಿ ನಾನು ವಾದದಿಂದ ಗೆಲ್ಲಲಿಲ್ಲ, ಒಬ್ಬರನ್ನು ಅಣಕಿಸಿ ಗೆದ್ದೆ. ಅದು ತಪ್ಪು" ಎಂದರು. ಇಷ್ಟೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಆಮೇಲೆ ಬಂದು ಮಾತಾಡಿಸಲೂ ಇಲ್ಲ. ನಾನಾಗಿ ಮಾತಾಡಿಸಲು ಆರು ತಿಂಗಳು ಹಿಡಿಯಿತು. ಮದುವೆಯ ಮಾತಂತೂ ಇನ್ನೂ ಎಷ್ಟೋ ದೂರವಿತ್ತು.

ಈಗ ಯೋಚಿಸಿದರೆ ನಮ್ಮ ಕತೆಯ ತಿರುವು ಅದೇ. ನಾಲ್ಕು ಜನರ ಎದುರು ಮಾಡಿದ ತಪ್ಪನ್ನು ನಾಲ್ಕು ಜನರ ಎದುರೇ ಒಪ್ಪಿಕೊಂಡರು, ಬದಲಿಗೆ ನನ್ನಿಂದ ಏನನ್ನೂ ಕೇಳಲಿಲ್ಲ. ನಷ್ಟ ಅವರೇ ತುಂಬಿದರು, ನನ್ನ ತೋಳಿಗೆ ಏಟು ಬೀಳಲಿಲ್ಲ.

ಇಳಕಲ್ಲ ಸೀರೆ ಉಟ್ಟವರು ನೀವು. ಮೈಗೂ ಸೆರಗಿಗೂ ಹೊಂದಿಸುವ ಬಗೆ ನೋಡಿದ್ದೀರಾ? ಮೈಯ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡೂ ಬೇರೆ ಬೇರೆ ಜಾತಿಯ ನೂಲು. ಬರೀ ಗಂಟು ಬಿಗಿದರೆ ಕೂಡಲಾರವು. ಈ ಕಡೆಯ ಒಂದೊಂದು ಎಳೆಗೆ ಆ ಕಡೆಯ ಒಂದೊಂದು ಎಳೆಯ ಕುಣಿಕೆ ಹಾಕಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ತಾಳ್ಮೆಯ ಕೆಲಸ, ಬಹಳಷ್ಟು ಹೆಣ್ಣುಮಕ್ಕಳೇ ಮಾಡುವುದು. ಎರಡೂ ಕಡೆಯ ಎಳೆ ಸಮನಾಗಿ ಬಾಗಿದರೆ ಮಾತ್ರ ಕೊಂಡಿ ಕೂಡುತ್ತದೆ. ಒಂದು ಕಡೆಯದನ್ನು ಎಳೆದರೆ? ಹರಿಯುತ್ತದೆ.

ಜಾನ್-ದಿಯ ಕತೆಯಲ್ಲೂ ಪ್ರೀತಿ ಬಂದದ್ದು ಒದ್ದಾಗ ಅಲ್ಲ. ಒದ್ದಾಗ ಅವನ ಕಣ್ಣು ತೆರೆಯಿತು, ಅಷ್ಟೇ. ಹೊಡೆಸಿಕೊಂಡು ನಿಂತಾಗ, ತಾನು ಹಂಚಿದ ಚೀಟಿಯ ಬೆಲೆ ಏನೆಂದು ಅವನ ಮೈಗೆ ತಿಳಿಯಿತು. ತಿರುವು ಎಂದರೆ ಅದು. ಕತೆ ಬರೆದವರು ಆ ಬೆಲೆಯ ಅರ್ಧವನ್ನು ಹುಡುಗಿಯಿಂದಲೇ ಕೊಡಿಸಿದ್ದು ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೂ ಆ ಹುಡುಗಿ ಅಲ್ಲಿಗೇ ನಿಲ್ಲಲಿಲ್ಲ ನೋಡಿ. ಈಜು ಹೋದರೆ ಹೋಯಿತೆಂದು ವೈದ್ಯಕೀಯ ಓದಲು ಹೊರಟಳು. ನಾಲ್ಕು ವರ್ಷ ಕಳೆದು ಅವನು ಮದುವೆಯ ಮಾತೆತ್ತುವಾಗ ಅವಳು ವೈದ್ಯ ವಿದ್ಯಾರ್ಥಿನಿ. ನಮ್ಮ ಹುಡುಗಿಯರು ಕಣ್ಣೀರು ಹಾಕುವಾಗ ಇದನ್ನೂ ಒಂದಿಷ್ಟು ನೋಡಲಿ.

ಸೊಸೆಗೆ ನಾನು ಹೇಳಿದ್ದನ್ನೇ ನಿಮ್ಮ ಮನೆಯ ಹುಡುಗಿಯರಿಗೂ ಹೇಳಿಬಿಡುತ್ತೇನೆ.

ಮೊದಲನೆಯದು, ಜಗಳವೋ ಕಾಟವೋ ಗುರುತಿಸಿ. ಜಗಳದಲ್ಲಿ ಇಬ್ಬರಿಗೂ ಬಾಯಿ ಇರುತ್ತದೆ, ಕಾಟದಲ್ಲಿ ಒಬ್ಬರಿಗೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಎರಡನೆಯದು, ಒಂದು ಸಲ "ಬ್ಯಾಡ" ಎಂದು ಸ್ಪಷ್ಟವಾಗಿ ಹೇಳಿ ನೋಡಿ. ಮನಸ್ಸಿದ್ದವನು ನಾಚಿ ನಿಲ್ಲುತ್ತಾನೆ. ನಿಲ್ಲದವನಿಗೆ ಇರುವುದು ಮನಸ್ಸಲ್ಲ, ಹಟ.

ಮೂರನೆಯದು, ಅವ್ವನ ಪ್ರಶ್ನೆ. ತೋಳು ಯಾರದು ಹೋತು? ಅವನ ಸಲುವಾಗಿ ನೀವು ಓದು ಬಿಟ್ಟಿರಾ, ದಾರಿ ಬದಲಿಸಿದಿರಾ, ಉತ್ತರ ಹೇಳುವುದನ್ನು ನಿಲ್ಲಿಸಿದಿರಾ? ಹಾಗಿದ್ದರೆ ಅದು ಪ್ರೇಮಕತೆಯಲ್ಲ, ಕೆಂಪು ಚೀಟಿ.

ಕೆಂಪು ಚೀಟಿ ಬಂದರೆ ಒಬ್ಬಳೇ ಹಾರಿ ಒದೆಯಬೇಕಾಗಿಲ್ಲ. ಆ ಧಾರಾವಾಹಿ ಬಂದ 2009ರಲ್ಲೇ ನಮ್ಮಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ರ‍್ಯಾಗಿಂಗ್ ತಡೆಯುವ ನಿಯಮಗಳನ್ನು ತಂದಿತು. ಅದಕ್ಕೆಂದೇ 1800-180-5522 ಎಂಬ ಉಚಿತ ಸಹಾಯವಾಣಿ ಇದೆ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ ದೂರು ಕೇಳಲು ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಬೇಡವೆಂದರೂ ಹಿಂದೆ ಬೀಳುವುದು 2013ರಿಂದ ಕಾನೂನಿನಲ್ಲಿ ಪ್ರತ್ಯೇಕ ಅಪರಾಧ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 78ನೆಯ ಕಲಂ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಅಂಕಿಗಳನ್ನು ಅಡಿಗೆಮನೆಯ ಕ್ಯಾಲೆಂಡರಿನ ಅಂಚಿಗೆ ಬರೆದಿಡಿ, ಹಾಲಿನ ಲೆಕ್ಕದ ಪಕ್ಕದಲ್ಲಿ.

ತಾಯಂದಿರಿಗೂ ಒಂದು ಮಾತು. ಮಗಳು ಹೀಗೊಂದು ಸುದ್ದಿ ತಂದರೆ, "ನೀ ಯಾಕ ಅತ್ತಾಗ ಹೋದಿ? ಕಾಲೇಜು ಸಾಕು, ಮನ್ಯಾಗ ಕೂಡು" ಎನ್ನಬೇಡಿ. ಹಾಗೆಂದರೆ ಕುರ್ಚಿಯ ಏಟು ನಾವೇ ಹಾಕಿದಂತೆ. ಮುಂದಿನ ಸಲ ಅವಳು ಹೇಳುವುದಿಲ್ಲ, ಫೋನ್ ಹಿಡಿದು ಮೂಲೆಯಲ್ಲಿ ಕೂತು ಬೇರೆಯವರ ಕತೆಗೆ ಅಳುತ್ತಾಳೆ. ಆ ಅಳುವಿನಲ್ಲಿ ಅರ್ಧ ತನ್ನದೇ ಇರುತ್ತದೆ. ಫೋನ್ ಕಸಿಯುವ ಬದಲು ಪಕ್ಕದಲ್ಲಿ ಕೂತು ಒಂದು ಕಂತು ನೋಡಿ. ನಾನು ಹಾಗೆ ಕೂತದ್ದಕ್ಕೇ ಈ ವಿಷಯ ನನಗೆ ತಿಳಿಯಿತು.

ಆಮೇಲೇನಾಯಿತು ಎಂದು ಕೇಳುತ್ತೀರಿ. ಕಾಲೇಜಿಗೆ ಮರಳಿದ ಸೊಸೆ ಮೊದಲು ಅವನಿಗೇ ಎದುರು ನಿಂತು ಬೇಡವೆಂದಳು. ಅವನು ನಕ್ಕ. ಮರುದಿನ ಇಬ್ಬರು ಗೆಳತಿಯರ ಜೊತೆ ಹೋಗಿ ಒಬ್ಬ ಉಪನ್ಯಾಸಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟಳು. "ಎಷ್ಟ್ ಲಕ್ಕಿ" ಎಂದಿದ್ದ ಗೆಳತಿಯೂ ಅವರಲ್ಲೊಬ್ಬಳು! ಹುಡುಗನನ್ನೂ ಅವನ ತಂದೆಯನ್ನೂ ಕರೆಸಿದರು, ಮುಚ್ಚಳಿಕೆ ಬರೆಸಿಕೊಂಡರು. ಕಾಟ ನಿಂತಿತು.

ದೀಪಾವಳಿಗೆ ಫೋನ್ ಮಾಡಿದಾಗ ಕೇಳಿದೆ, "ಏನಂತಾನ ನಿಮ್ಮ ಜುನ್-ಪ್ಯೊ?"

"ಯಾಂವ ಜುನ್-ಪ್ಯೊ ಅತ್ತಿ? ಅಂವ ಮೂರು ಬೆಂಚು ಹಿಂದ ಕುಂದರತಾನ. ಮಾತಿಲ್ಲ, ಕತಿಯಿಲ್ಲ. ಅದ ಛಲೋ." ಒಂದು ಗಳಿಗೆ ಬಿಟ್ಟು ಅಂದಳು, "ನಿನ್ನೆ ಕ್ಲಾಸಿನ್ಯಾಗ ಉತ್ತರ ಹೇಳಿದೆ. ಮೊದಲ ಸಲ ಧ್ವನಿ ನಡುಗತಿತ್ತು. ಎರಡನೇದ್ದು ಸರಿಯಾಗಿ ಬಂತು."

ಅವನು ನಾಯಕನಾಗಲಿಲ್ಲ, ಅವಳಿಗೆ ಪ್ರೇಮಕತೆ ಸಿಗಲಿಲ್ಲ. ಸಿಕ್ಕಿದ್ದು ಅವಳದೇ ಧ್ವನಿ. ಕೊರಿಯಾ ಧಾರಾವಾಹಿ ನೋಡುವುದನ್ನೇನೂ ಅವಳು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಈಗ ಅವ್ವನೂ ಚಟಕ್ಕೆ ಬಿದ್ದಿದ್ದಾಳೆ. "ಆ ಹಿಟ್ಟು ಹಾಳು ಮಾಡಿದವರದು ಮತ್ತ ಬಂತೇನು?" ಎಂದು ಕೇಳುತ್ತಾಳೆ.

ಈ ಪಂಚಮಿಗೂ ಹೋಗುವವಳಿದ್ದೇನೆ. ಅವ್ವ ಈಗಲೇ ಶೇಂಗಾ ಹುರಿದಿಡುತ್ತೇನೆಂದಿದ್ದಾಳೆ. ಜಪಾನಿನವರ ಗಾದೆ ಸುಳ್ಳಲ್ಲ ಬಿಡಿ. ಚೆಂದದ ಹೂವಿನಂಥ ಹುಡುಗರನ್ನು ನೋಡಿ ಕಣ್ಣು ತುಂಬಿಸಿಕೊಳ್ಳೋಣ. ಆದರೆ ಜೊತೆಗೆ ಕೂತು ಉಂಡಿ ಮುರಿದು ಅರ್ಧ ನಮ್ಮ ಕೈಗೆ ಕೊಡುವವರು ಯಾರು, ಅದನ್ನೂ ಒಂದಿಷ್ಟು ನೋಡಿಟ್ಟುಕೊಳ್ಳೋಣ. ಏನಂತೀರಿ?